ಕೈ ಕಡಿದವರು, ಕೈ ಬಿಟ್ಟವರು
(ದತ್ತಿ ಉಪನ್ಯಾಸದ ಲಿಖಿತ ರೂಪ)



ಪಾಶ್ಚಾತ್ಯ ಸಾಹಿತ್ಯದ ಹಳೆಯ ಕೃತಿಯೊಂದನ್ನು ಈ ಸೀಮೆಯಲ್ಲಿ ನಿಂತು ಓದಿದರೆ ಹೇಗೆ ಕಾಣುತ್ತದೆ, ಅದನ್ನು ಹೇಳಿ ಎಂದು ಸಂಘಟಕರು ಕೇಳಿದ್ದರು. ನಾನು ಮೇರಿ ಶೆಲ್ಲಿಯ ‘ಫ್ರಾಂಕನ್‌ಸ್ಟೈನ್’ ಆರಿಸಿಕೊಂಡೆ. ಅದರ ಪಕ್ಕದಲ್ಲಿಡಲು ನಮ್ಮದೊಂದು ಕತೆ ಬೇಕಿತ್ತು. ಅದಕ್ಕೆ ದೂರ ಹೋಗಬೇಕಾಗಲಿಲ್ಲ. ಉಡುಪಿಯಲ್ಲಿ ಕಾರ್ಕಳದ ಬಸ್ಸು ಹತ್ತಿದರೆ ಸಾಕು. ಅಲ್ಲಿನ ಬಂಡೆಯ ಮೇಲೆ ನಿಂತ ನಲವತ್ತೆರಡು ಅಡಿಯ ಗೊಮ್ಮಟ, ಅವನನ್ನು ಕಡೆದವನೆಂದು ತುಳುನಾಡು ನಂಬಿಕೊಂಡು ಬಂದ ಬೀರ ಕಲ್ಕುಡ, ಅವನ ಒಡಹುಟ್ಟಿದ ತಂಗಿ ಕಲ್ಲುರ್ಟಿ. ಒಬ್ಬನನ್ನು ದುಡಿಸಿಕೊಂಡು, ಆಮೇಲೆ ಹೊರಗೆ ತಳ್ಳಿದರೆ ತಳ್ಳಿದವರಿಗೆ ಏನಾಗುತ್ತದೆ? ಎರಡೂ ಕತೆಗಳು ಇದನ್ನೇ ಕೇಳುತ್ತವೆ. ಉತ್ತರ ಮಾತ್ರ ಬೇರೆ ಬೇರೆ.

ಈಗೀಗ ಕೃತಕ ಬುದ್ಧಿಮತ್ತೆಯ ಮಾತು ಬಂದಲ್ಲೆಲ್ಲ ಫ್ರಾಂಕನ್‌ಸ್ಟೈನ್ ಹೆಸರೂ ಬರುತ್ತದೆ. ನಾನು ಆ ಕಡೆ ಹೋಗುವುದಿಲ್ಲ. ವಿಜ್ಞಾನ ಮಿತಿ ಮೀರಿತು ಎಂಬ ಬುದ್ಧಿಮಾತಿಗಾಗಿ ಈ ಪುಸ್ತಕ ಓದುವುದೆಂದರೆ ಅದರ ಅರ್ಧಕ್ಕಿಂತ ಹೆಚ್ಚು ಪುಟಗಳನ್ನು ಹಾರಿಸಿದ ಹಾಗೆ.

1815ರ ಏಪ್ರಿಲ್‌ನಲ್ಲಿ ಇಂಡೊನೇಷ್ಯಾದ ತಂಬೋರಾ ಅಗ್ನಿಪರ್ವತ ಸಿಡಿಯಿತು. ಅದರ ಮುಸುಕಿನಿಂದಾಗಿ ಮರುವರ್ಷ ಯುರೋಪಿಗೆ ಬೇಸಗೆಯೇ ಬರಲಿಲ್ಲ. ಜಿನೀವಾ ಸರೋವರದ ದಡದ ಮನೆಯಲ್ಲಿ ಕೆಲವರು, ನಮ್ಮಲ್ಲಿ ಆಟಿಯ ಜಡಿಮಳೆಗೆ ಚಾವಡಿಯಲ್ಲಿ ಸಿಕ್ಕಿಬಿದ್ದವರ ಹಾಗೆ, ದೆವ್ವದ ಕತೆಗಳನ್ನು ಓದುತ್ತ ಕುಳಿತರು. ತಾವೂ ಒಂದೊಂದು ಬರೆಯೋಣವೆಂದು ಕವಿ ಬೈರನ್ ಸೂಚಿಸಿದ. ಕವಿ ಪರ್ಸಿ ಶೆಲ್ಲಿ ಇದ್ದ, ವೈದ್ಯ ಪೋಲಿಡೋರಿ ಇದ್ದ. ಕಾದಂಬರಿಯನ್ನೇ ಬರೆದು ಮುಗಿಸಿ ಲೋಕಕ್ಕೆಲ್ಲ ಮುಟ್ಟಿಸಿದವಳು ಹದಿನೆಂಟರ ಹುಡುಗಿ ಮೇರಿ.

ಅವಳ ಹಿಂದೆ ಏನಿತ್ತು ನೋಡಿ. 1797ರ ಆಗಸ್ಟ್ 30ರಂದು ಅವಳು ಹುಟ್ಟಿದಳು. ಸೆಪ್ಟೆಂಬರ್ 10ರಂದು ತಾಯಿ, ಸ್ತ್ರೀಹಕ್ಕುಗಳ ಪರವಾಗಿ ಬರೆದ ಮೇರಿ ವುಲ್‌ಸ್ಟನ್‌ಕ್ರಾಫ್ಟ್, ಬಾಣಂತಿ ಜ್ವರದಲ್ಲಿ ತೀರಿಕೊಂಡಳು. ಮದುವೆಯಾಗಿದ್ದ ಪರ್ಸಿಯ ಜೊತೆ ಮೇರಿ 1814ರಲ್ಲಿ ಓಡಿಹೋದಾಗ ತಂದೆ ವಿಲಿಯಂ ಗಾಡ್ವಿನ್ ಮಗಳ ಮುಖ ನೋಡುವುದನ್ನು ಬಿಟ್ಟ. ಸ್ವಾತಂತ್ರ್ಯ, ನ್ಯಾಯಗಳ ಕುರಿತು ದೊಡ್ಡ ಗ್ರಂಥ ಬರೆದ ತತ್ತ್ವಜ್ಞಾನಿ ಅವನು! 1815ರಲ್ಲಿ ಮೇರಿಗೆ ದಿನ ತುಂಬದೆ ಹೆಣ್ಣುಮಗು ಹುಟ್ಟಿತು. ಹೆಸರಿಡುವ ಮೊದಲೇ ಹೋಯಿತು. 1818ರ ಜನವರಿ 1ರಂದು ಲಂಡನ್ನಿನಲ್ಲಿ ಕಾದಂಬರಿ ಲೇಖಕಿಯ ಹೆಸರಿಲ್ಲದೆ ಬಂತು, ಅಚ್ಚಾದದ್ದು 500 ಪ್ರತಿ. ಅರ್ಪಣೆ ಯಾರಿಗೆ ಅಂದರೆ, ಅದೇ ತಂದೆಗೆ. ತನ್ನ ಕೈಯಾರೆ ಹುಟ್ಟಿಸಿದ ಜೀವವನ್ನು ನೋಡಿ ಮುಖ ತಿರುಗಿಸಿದ ಒಬ್ಬನ ಕತೆಯನ್ನು, ಮುಖ ತಿರುಗಿಸಿದ್ದ ಅಪ್ಪನಿಗೆ ಮಗಳು ಅರ್ಪಿಸಿದಳು. ಇದಕ್ಕಿಂತ ಮರ್ಯಾದೆಯ ದೂರು ಇನ್ನೊಂದಿರಲಾರದು.

ಕತೆ ನಿಮಗೆ ಗೊತ್ತಿರುತ್ತದೆ, ಆದರೆ ಸಿನಿಮಾದಿಂದ. 1931ರ ಹಾಲಿವುಡ್ ಚಿತ್ರದಲ್ಲಿ ಬೋರಿಸ್ ಕಾರ್ಲಾಫ್ ಬರಿದೇ ಗುರುಗುಟ್ಟುತ್ತಾನೆ. ಪುಸ್ತಕದ ಜೀವಿ ಮಾತುಗಾರ. ಎಂಟಡಿ ಎತ್ತರದ ಆ ದೇಹವನ್ನು ವಿಕ್ಟರ್ ಫ್ರಾಂಕನ್‌ಸ್ಟೈನ್ ಇಂಗೋಲ್‌ಸ್ಟಾಟ್ ಎಂಬ ಜರ್ಮನ್ ವಿಶ್ವವಿದ್ಯಾಲಯದ ಊರಿನಲ್ಲಿ, ಬಾಡಿಗೆ ಕೋಣೆಯಲ್ಲಿ ಜೋಡಿಸಿದ. ಅದು ಕಣ್ಣು ತೆರೆದ ಗಳಿಗೆಯಲ್ಲೇ ಅಸಹ್ಯಪಟ್ಟು ಓಡಿದ. ಆಮೇಲೆ ಆ ಜೀವಿ ಕಾಡಿನಲ್ಲಿ ಅಲೆದು, ಒಂದು ಬಡವರ ಗುಡಿಸಿಲಿಗೆ ತಾಗಿದ ಕೊಟ್ಟಿಗೆಯಲ್ಲಿ ಅಡಗಿ, ಗೋಡೆಯ ಬಿರುಕಿನಿಂದ ಕಂಡದ್ದರಲ್ಲೇ ಮಾತು ಕಲಿಯಿತು, ಓದು ಕಲಿಯಿತು. ಮಿಲ್ಟನ್, ಪ್ಲುಟಾರ್ಕ್, ಗಯಟೆ ಓದಿತು. ರಾತ್ರಿ ಕಟ್ಟಿಗೆ ಒಡೆದು ಆ ಮನೆಯವರ ಬಾಗಿಲಲ್ಲಿಟ್ಟಿತು. ನಾನು ‘ಅದು’ ಎನ್ನುತ್ತಿದ್ದೇನೆ. ಇಷ್ಟು ಓದಿದವನನ್ನು ‘ಅವನು’ ಎನ್ನುವುದೇ ಸರಿ.

ಆ ಮನೆಯ ಮುದುಕ ಡಿ ಲೇಸಿ ಕುರುಡ. ಮಕ್ಕಳು ಹೊರಗೆ ಹೋದ ಹೊತ್ತು ನೋಡಿಕೊಂಡು ಜೀವಿ ಒಳಗೆ ಬಂದು ಕೂರುತ್ತಾನೆ. ಮುದುಕನಿಗೆ ಕೇಳಿಸುವುದು ಮಾತು ಮಾತ್ರ, ಮಾತಿನಲ್ಲಿ ಕುಂದಿಲ್ಲ. ಆದ್ದರಿಂದ ಸತ್ಕಾರ ಸಿಗುತ್ತದೆ. ಇಡೀ ಕಾದಂಬರಿಯಲ್ಲಿ ಒಬ್ಬ ಮನುಷ್ಯ ಅವನೊಡನೆ ಮನುಷ್ಯನಂತೆ ನಡೆದುಕೊಳ್ಳುವುದು ಈ ಕೆಲವು ನಿಮಿಷ ಮಾತ್ರ. ಮಗ ಫೆಲಿಕ್ಸ್ ಬಂದವನೇ ಕೋಲಿನಿಂದ ಹೊಡೆಯುತ್ತಾನೆ. ಎಂಟಡಿಯ ಜೀವಿಗೆ ಫೆಲಿಕ್ಸನನ್ನು ಸೀಳಿಹಾಕುವುದು ಕಷ್ಟವಿರಲಿಲ್ಲ. ಅವನು ಕೈ ಎತ್ತದೆ ಹೊರಟುಹೋಗುತ್ತಾನೆ. ಆ ಮನೆಗೆ ಬೆಂಕಿ ಬೀಳುವುದು ಆಮೇಲೆ, ಅವರು ಊರೇ ಬಿಟ್ಟುಹೋದರೆಂದು ತಿಳಿದ ಮೇಲೆ. ಮೊದಲ ಕೊಲೆ ಅದಕ್ಕೂ ಆಮೇಲೆ. ಈ ಕ್ರಮವನ್ನು ಮೇರಿ ಬಹಳ ಜಾಗ್ರತೆಯಿಂದ ಇಟ್ಟಿದ್ದಾಳೆ.

ಮಣಿಪಾಲದ ವೈದ್ಯಕೀಯ ವಿದ್ಯಾರ್ಥಿಗಳು ಸಭೆಯಲ್ಲಿ ಕಾಣುತ್ತಿದ್ದಾರೆ, ಅವರಿಗಾಗಿ ಒಂದು ಮಾತು. ಡಾ. ಟಿ.ಎಂ.ಎ. ಪೈಯವರು 1953ರಲ್ಲಿ ಕಸ್ತೂರ್ಬಾ ಕಾಲೇಜು ಕಟ್ಟಿದ ಗುಡ್ಡದ ಮೇಲೆ ಇಂದು ಅಂಗರಚನಾಶಾಸ್ತ್ರದ ದೊಡ್ಡ ಸಂಗ್ರಹಾಲಯವಿದೆ. ನಮ್ಮ ಶಾಲಾಮಕ್ಕಳೂ ಪ್ರವಾಸಕ್ಕೆ ಬಂದು ನೋಡುತ್ತಾರೆ. ವಿಕ್ಟರನ ಕಾಲದಲ್ಲಿ ಛೇದನದ ಮೇಜಿಗೆ ಬರುತ್ತಿದ್ದ ದೇಹ ಯಾರದು? ಇಂಗ್ಲೆಂಡಿನಲ್ಲಿ ಕಾನೂನಿನ ಪ್ರಕಾರ ಗಲ್ಲಿಗೇರಿದ ಕೊಲೆಗಾರರದು, ಕಾನೂನು ತಪ್ಪಿಸಿ ಸಮಾಧಿಯಿಂದ ಕದ್ದ ಬಡವರದು. 1832ರ ಅನಾಟಮಿ ಕಾಯ್ದೆ ಬಂದ ಮೇಲೆ ದುಡಿಮೆಮನೆಗಳಲ್ಲಿ ಸತ್ತು, ಕೇಳುವವರಿಲ್ಲದೆ ಉಳಿದವರದು. ನಮ್ಮ ರಾಜ್ಯದಲ್ಲಿಯೂ 1957ರ ಕಾಯ್ದೆಯೊಂದು ವಾರಸುದಾರರಿಲ್ಲದ ಶವಗಳ ಕುರಿತೇ ಇದೆ. ಸ್ವಇಚ್ಛೆಯಿಂದ ದೇಹದಾನ ಮಾಡುವವರು ಈಗ ಇದ್ದಾರೆ, ಅದು ಸಮಾಧಾನದ ವಿಷಯ. ಫ್ರಾಂಕನ್‌ಸ್ಟೈನನ ಜೀವಿಯ ಒಂದೊಂದು ಅವಯವವೂ ಇಂಥ ಯಾರದೋ. ಹುಟ್ಟುವ ಮೊದಲೇ ಅವನು ವಾರಸುದಾರರಿಲ್ಲದವನು. ಹೆಸರೂ ಇಲ್ಲ. 1823ರಲ್ಲಿ ಲಂಡನ್ನಿನಲ್ಲಿ ಇದು ನಾಟಕವಾದಾಗ ಪಾತ್ರಪಟ್ಟಿಯಲ್ಲಿ ಅವನ ಹೆಸರಿರಬೇಕಾದ ಕಡೆ ಬರೀ ಗೆರೆ ಎಳೆದಿದ್ದರು. ನಾಟಕ ನೋಡಲು ಹೋದ ಮೇರಿಗೆ ಅದು ಹಿಡಿಸಿತು.

ಇನ್ನು ಕಾರ್ಕಳಕ್ಕೆ ಬರೋಣ.

ಗೊಮ್ಮಟನ ಪ್ರತಿಷ್ಠೆಯಾದದ್ದು ಶಕ 1353ರ ಫಾಲ್ಗುಣ ಶುದ್ಧ ದ್ವಾದಶಿ, ಅಂದರೆ 1432ರ ಫೆಬ್ರವರಿ 13. ಮಾಡಿಸಿದವನು ಭೈರರಸರ ವಂಶದ ವೀರಪಾಂಡ್ಯ. ಪ್ರೇರಣೆ ಗುರು ಲಲಿತಕೀರ್ತಿಯವರದು. ಇದೆಲ್ಲ ಶಾಸನದಲ್ಲಿದೆ. ಎದುರಿನ ಬ್ರಹ್ಮದೇವರ ಕಂಬ 1436ರದು. ಅರಸನ ಹೆಸರು, ಗುರುವಿನ ಹೆಸರು, ತಿಥಿ ಎಲ್ಲ ಉಂಟು. ಉಳಿ ಹಿಡಿದವನ ಹೆಸರಿಲ್ಲ. ಆ ಕಾಲದ ಶಾಸನಗಳ ರೀತಿ ಅದು, ತಪ್ಪು ಹಿಡಿಯಬೇಕಾದ್ದಿಲ್ಲ. ಆದರೆ ಖಾಲಿ ಬಿಟ್ಟ ಆ ಜಾಗವನ್ನು ಶಾಸನ ಓದಲು ಬಾರದವರು ತುಂಬಿಸಿದರು, ಪಾಡ್ದನವೆಂಬ ತುಳು ಹಾಡುಗತೆಯಲ್ಲಿ.

ಪಾಡ್ದನ ಹೇಳುವುದು ಹೀಗೆ. ಕಲ್ಕುಟಿಗ ಶಂಭು ಕಲ್ಕುಡನಿಗೆ ಬೆಳ್ಗೊಳದ ಅರಸನ ಕರೆ ಬರುತ್ತದೆ. ಬಸುರಿ ಹೆಂಡತಿ ಈರವದಿಯನ್ನು ಬಿಟ್ಟು ಅವನು ಘಟ್ಟ ಹತ್ತುತ್ತಾನೆ. ಇಲ್ಲಿ ಅವಳಿಗಳು ಹುಟ್ಟುತ್ತವೆ, ಗಂಡು ಬೀರ, ಹೆಣ್ಣು ಕಲ್ಲುರ್ಟಿ. ಆಟದ ಮಕ್ಕಳು ಅಪ್ಪನಿಲ್ಲದವನೆಂದು ಹಂಗಿಸುತ್ತಾರೆ. ಹುಡುಗ ಅಪ್ಪನನ್ನು ಹುಡುಕಿಕೊಂಡು ಬೆಳ್ಗೊಳಕ್ಕೆ ನಡೆಯುತ್ತಾನೆ. ಅಲ್ಲಿ ಅಪ್ಪನ ಕೆಲಸದಲ್ಲಿ ಒಂದು ದೋಷ ತೋರಿಸುತ್ತಾನೆ, ಕಲ್ಲಿನೊಳಗೆ ಕಪ್ಪೆ. ಅವಮಾನ ತಾಳದೆ ಅಪ್ಪ ಅಲ್ಲೇ ಪ್ರಾಣ ಕಳೆದುಕೊಳ್ಳುತ್ತಾನೆ. ಮಗ ಅಪ್ಪನ ಹತಾರಗಳನ್ನು ಹೊತ್ತು ಘಟ್ಟ ಇಳಿಯುತ್ತಾನೆ. ಕಾರ್ಕಳದ ಭೈರವ ಅರಸ ಬಸದಿ, ಕಂಬ, ಗೊಮ್ಮಟ ಎಲ್ಲ ಅವನಿಂದ ಮಾಡಿಸುತ್ತಾನೆ. ಕೆಲಸ ಮುಗಿದ ಮೇಲೆ ಕೊಡುವ ಉಡುಗೊರೆ ಒಂದೇ: ಇಂಥದ್ದನ್ನು ಇನ್ನೊಬ್ಬ ಅರಸನಿಗೆ ಮಾಡಿಕೊಡಬಾರದೆಂದು ಎಡಗೈ, ಬಲಗಾಲು ಕಡಿಸುತ್ತಾನೆ. ಬೀರ ಸಾಯುವುದಿಲ್ಲ. ಉಳಿದ ಒಂದು ಕೈ, ಒಂದು ಕಾಲಿನಲ್ಲಿ ವೇಣೂರಿಗೆ ಹೋಗಿ ಅಜಿಲ ಅರಸನಿಗೆ ಇನ್ನೊಂದು ಗೊಮ್ಮಟ ಕಡೆದುಕೊಡುತ್ತಾನೆ.

ಚರಿತ್ರೆಯ ಲೆಕ್ಕ ಇದಕ್ಕೆ ಒಪ್ಪುವುದಿಲ್ಲ. ಬೆಳ್ಗೊಳದ ಗೊಮ್ಮಟ ಹತ್ತನೆಯ ಶತಮಾನದ ಕೊನೆಯದು, ವೇಣೂರಿನ ತಿಮ್ಮಣ್ಣ ಅಜಿಲ ಮಾಡಿಸಿದ್ದು 1604ರದು. ಕಾರ್ಕಳಕ್ಕೂ ವೇಣೂರಿಗೂ ನಡುವೆ 172 ವರ್ಷ. ಒಂದೇ ಜೋಡಿ ಅಪ್ಪ ಮಗ ಇವೆಲ್ಲ ಕಡೆದಿರಲು ಸಾಧ್ಯವಿಲ್ಲ. ವೀರಪಾಂಡ್ಯ ಯಾರದೋ ಕೈ ಕಡಿಸಿದನೆನ್ನಲು ಯಾವ ದಾಖಲೆಯೂ ಇಲ್ಲ. ಆ ಅರಸನ ಮೇಲೆ ಇಲ್ಲಿ ನಿಂತು ನಾನು ಆರೋಪ ಹೊರಿಸುವುದೂ ಇಲ್ಲ. ಪಾಡ್ದನ ಹೊರಿಸುವ ಆರೋಪ ಒಬ್ಬ ಅರಸನಿಗಿಂತ ದೊಡ್ಡದು. ಆರು ಶತಮಾನಗಳಲ್ಲಿ ಮೂರು ಊರುಗಳಲ್ಲಿ ದುಡಿದ ಹೆಸರಿಲ್ಲದ ಕೈಗಳನ್ನೆಲ್ಲ ಒಟ್ಟುಮಾಡಿ, ಅವಕ್ಕೆ ಬೀರನೆಂದು ಹೆಸರಿಟ್ಟು, ಕೈ ಎಲ್ಲಿ ಎಂದು ಅದು ಕೇಳುತ್ತದೆ.

ಇದರ ಬಲ ತಿಳಿಯಬೇಕಾದರೆ ಘಟ್ಟದ ಮೇಲಿನ ಜಕಣಾಚಾರಿಯ ಕತೆ ನೆನೆಸಿಕೊಳ್ಳಿ. ಅಲ್ಲಿಯೂ ಅಪ್ಪ ಮನೆ ಬಿಟ್ಟವನು, ಮಗ ಹುಡುಕಿಕೊಂಡು ಬಂದವನು, ಬೇಲೂರಿನ ಕಲ್ಲಿನೊಳಗೂ ಕಪ್ಪೆ. ಆದರೆ ಜಕಣಾಚಾರಿ ತನ್ನ ಕೈಯನ್ನು ತಾನೇ ಕಡಿದುಕೊಳ್ಳುತ್ತಾನೆ. ತುಮಕೂರಿನ ಬಳಿಯ ಕೈದಾಳದಲ್ಲಿ ದೇವರು ಅದನ್ನು ಮರಳಿ ಕೊಡುತ್ತಾನೆ. ಕತ್ತಿ ಹಿಡಿದವನು ಶಿಲ್ಪಿ, ತಪ್ಪು ಅವನ ಅಹಂಕಾರದ್ದು, ಪರಿಹಾರ ದೇವರದು. ಅರಸನ ಮೇಲೆ ಒಂದು ಹನಿ ರಕ್ತ ಸಿಡಿಯುವುದಿಲ್ಲ. ಘಟ್ಟ ಇಳಿದ ಮೇಲೆ ಕತ್ತಿ ಕೈ ಬದಲಾಯಿಸುತ್ತದೆ. ಕಡಿಯುವವನು ಅರಸ, ಕಾರಣ ಅವನ ಹೊಟ್ಟೆಕಿಚ್ಚು, ಕೈ ಯಾರೂ ಮರಳಿ ಕೊಡುವುದಿಲ್ಲ. ಜಕಣಾಚಾರಿಯ ಹೆಸರಿನಲ್ಲಿ ಸರಕಾರ ಶಿಲ್ಪಿಗಳಿಗೆ ಪ್ರಶಸ್ತಿ ಕೊಡುವುದರಲ್ಲಿ ಆಶ್ಚರ್ಯವಿಲ್ಲ. ಯಾವ ಸರಕಾರಕ್ಕಾದರೂ ಆ ಕತೆ ಹಿತ. ಕಾರ್ಕಳದವರೇ ಆದ ರೆಂಜಾಳ ಗೋಪಾಲ ಶೆಣೈಯವರು ಕಡೆದ ಮೂವತ್ತೊಂಬತ್ತು ಅಡಿಯ ಬಾಹುಬಲಿ 1982ರಲ್ಲಿ ಧರ್ಮಸ್ಥಳದಲ್ಲಿ ಪ್ರತಿಷ್ಠೆಯಾಯಿತು. ಅವರ ಹೆಸರು ಈಗಲೂ ಜನರ ಬಾಯಲ್ಲಿದೆ. ಕಾಲ ಅಷ್ಟರಮಟ್ಟಿಗೆ ಬದಲಾಗಿದೆ.

ವಿಕ್ಟರನನ್ನು ಈ ಶಿಲ್ಪಿ ಮತ್ತು ಅರಸರ ನಡುವೆ ಎಲ್ಲಿ ನಿಲ್ಲಿಸೋಣ? ಅವನು ಶಿಲ್ಪಿಯೂ ಹೌದು, ಅರಸನೂ ಹೌದು. ಕಡೆದವನೂ ಅವನೇ, ಕಡಿದವನೂ ಅವನೇ. ಎರಡನೆಯದು ಎಲ್ಲಿ ಅಂದರೆ, ಸ್ಕಾಟ್ಲೆಂಡಿನ ಉತ್ತರದ ಆರ್ಕ್ನಿ ದ್ವೀಪದಲ್ಲಿ. ಲೋಕವೆಲ್ಲ ದೂಡಿದ ಮೇಲೆ ಜೀವಿ ತನ್ನ ಕರ್ತೃವಿನ ಬಳಿ ಕೇಳಿಕೊಳ್ಳುವುದು ಒಂದೇ, ತನ್ನಂಥ ಒಬ್ಬ ಸಂಗಾತಿಯನ್ನು ಮಾಡಿಕೊಡು, ನಾವಿಬ್ಬರೂ ಮನುಷ್ಯರ ಕಣ್ಣಿಗೆ ಬೀಳದ ಕಡೆ ಹೋಗುತ್ತೇವೆ ಎಂದು. ವಿಕ್ಟರ್ ಒಪ್ಪುತ್ತಾನೆ, ಅರ್ಧ ಮಾಡುತ್ತಾನೆ, ಆಮೇಲೆ ಯೋಚನೆಗೆ ಬೀಳುತ್ತಾನೆ. ಅವಳು ಒಪ್ಪಂದಕ್ಕೆ ಒಳಪಡದಿದ್ದರೆ? ಅವಳಿಗೂ ಸ್ವಂತ ಬುದ್ಧಿ ಇದ್ದರೆ? ಅವರಿಗೆ ಮಕ್ಕಳಾದರೆ? ಕಿಟಕಿಯ ಹೊರಗೆ ಜೀವಿ ನೋಡುತ್ತಿರುವಾಗಲೇ ಆ ಅರೆಬರೆ ಹೆಣ್ಣನ್ನು ತುಂಡು ತುಂಡು ಮಾಡುತ್ತಾನೆ. ಈ ಕಾದಂಬರಿಯ ಕೇಂದ್ರ ಈ ಪುಟದಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಅಧಿಕಾರ ಹೆದರುವುದು ನೊಂದವನೊಬ್ಬನಿಗಲ್ಲ. ನೊಂದವನ ಜೊತೆ ಇನ್ನೊಬ್ಬರು ಸೇರಿಕೊಂಡಾಗ.

ಕಾರ್ಕಳದಲ್ಲಿ ಆ ಇನ್ನೊಬ್ಬಳು ಬಂದಳು. ಅಣ್ಣ ಎಷ್ಟು ಕಾಲವಾದರೂ ಬರಲಿಲ್ಲವೆಂದು ಕಲ್ಲುರ್ಟಿ ಹುಡುಕುತ್ತ ಹೊರಟಳು, ಕೈಕಾಲು ಕಡಿಸಿಕೊಂಡವನನ್ನು ಕಂಡಳು. ಅವನು ಸಹಿಸಿಕೊಂಡು ಇನ್ನೊಂದು ಗೊಮ್ಮಟ ಕಡೆದಿದ್ದ. ಅವಳು ಸಹಿಸಲಿಲ್ಲ. ಒಡಹುಟ್ಟಿದವರಿಬ್ಬರೂ ಮಾಯಕ್ಕೆ ಸಂದು ದೈವಗಳಾದರು. ಕಾರ್ಕಳದ ಅರಮನೆಗೆ, ಪೇಟೆಗೆ ಬೆಂಕಿ ಬಿತ್ತು. ಪಾಠದಿಂದ ಪಾಠಕ್ಕೆ ವಿವರ ಬೇರೆಯಾಗುತ್ತದೆ, ಸಿಟ್ಟು ಬೇರೆಯಾಗುವುದಿಲ್ಲ. ಇಂದು ತುಳುನಾಡಿನ ಮನೆಮನೆಯಲ್ಲಿ ಅಣ್ಣನಿಗಿಂತ ಹೆಚ್ಚಾಗಿ ನಂಬುವುದು ತಂಗಿಯನ್ನೇ. ಬಂಟ್ವಾಳದ ಬಳಿಯ ಪಣೋಲಿಬೈಲಿಗೆ ಬರುವ ಜನವನ್ನು ಒಮ್ಮೆ ನೋಡಿ.

ಮೇರಿಯ ಕಾದಂಬರಿಯಲ್ಲಿಯೂ ಒಬ್ಬ ತಂಗಿಯೋ ಅಕ್ಕನೋ ಇದ್ದಾಳೆ, ಹೆಚ್ಚಿನ ಓದುಗರಿಗೆ ಅವಳ ನೆನಪೇ ಇರುವುದಿಲ್ಲ. ಇಡೀ ಕತೆ ಉತ್ತರ ಧ್ರುವದ ಕಡೆ ಹೊರಟ ನಾವಿಕ ವಾಲ್ಟನ್ ತನ್ನ ಸಹೋದರಿ ಮಾರ್ಗರೆಟ್‌ಗೆ ಬರೆದ ಪತ್ರಗಳಲ್ಲಿದೆ. ಅವನೂ ಒಂಟಿ; ಸ್ನೇಹಿತನಿಲ್ಲವೆಂಬ ಕೊರಗು ಅವನ ಆರಂಭದ ಪತ್ರಗಳಲ್ಲೇ ಇದೆ. ಆ ಮಾರ್ಗರೆಟ್ ಒಮ್ಮೆಯೂ ಉತ್ತರಿಸುವುದಿಲ್ಲ, ಒಮ್ಮೆಯೂ ಕಾಣಿಸಿಕೊಳ್ಳುವುದಿಲ್ಲ. ಇಂಗ್ಲೆಂಡಿನಲ್ಲಿ ಕುಳಿತು ಓದುತ್ತಾಳೆ, ಅಷ್ಟೇ, ನಮ್ಮ ನಿಮ್ಮ ಹಾಗೆ. ಕಲ್ಲುರ್ಟಿಯಂತೆ ಎದ್ದು ನಡೆದುಬರುವ ಒಂದು ಹೆಣ್ಣು ಕಾದಂಬರಿಯಲ್ಲಿಲ್ಲ. ವಿಕ್ಟರ್ ಕೈಹಿಡಿದ ಎಲಿಜಬೆತ್ ಮದುವೆಯ ರಾತ್ರಿ ಸಾಯುತ್ತಾಳೆ. ಕೆಲಸದ ಹುಡುಗಿ ಜಸ್ಟೀನ್, ತಾನು ಮಾಡದ, ಜೀವಿ ಮಾಡಿದ ಕೊಲೆಗೆ ಗಲ್ಲಿಗೇರುತ್ತಾಳೆ. ನಿಜ ಗೊತ್ತಿದ್ದ ವಿಕ್ಟರ್ ನ್ಯಾಯಾಲಯದಲ್ಲಿ ಬಾಯಿ ಬಿಡುವುದಿಲ್ಲ. ಜೀವಿಯ ಕೊಲೆಗಳನ್ನು ಎಣಿಸುವಾಗ ಇದನ್ನು ಯಾರ ಲೆಕ್ಕಕ್ಕೆ ಬರೆಯಬೇಕೆಂದು ವಿದ್ಯಾರ್ಥಿಗಳು ಯೋಚಿಸಬೇಕು.

ಸೇಡು ಮುಗಿದ ಮೇಲಿನ ಹಾದಿಯೂ ಬೇರೆ. ವಿಕ್ಟರ್ ವಾಲ್ಟನ್ನನ ಹಡಗಿನಲ್ಲಿ ಸಾಯುತ್ತಾನೆ. ಜೀವಿ ಅವನ ಹೆಣದ ಮುಂದೆ ಅಳುತ್ತಾನೆ, ತಾನೂ ಚಿತೆ ಏರುತ್ತೇನೆಂದು ಹೇಳಿ ಮಂಜುಗಡ್ಡೆಯ ಮೇಲೆ ಕಣ್ಮರೆಯಾಗುತ್ತಾನೆ. ಏರಿದನೋ ಇಲ್ಲವೋ, ನೋಡಿದವರಿಲ್ಲ. ವಿಕ್ಟರನ ಊರಾದ ಜಿನೀವಾ ನಗರಕ್ಕೆ ತನ್ನ ಮಕ್ಕಳನ್ನು ಕೊಂದವನು ಯಾರು, ಏಕೆ ಎಂಬುದು ಕೊನೆಗೂ ತಿಳಿಯುವುದಿಲ್ಲ. ತುಳುನಾಡಾದರೋ ಊರು ಸುಟ್ಟವರನ್ನು ಕರೆದು ಕೂರಿಸಿತು. ಕಲ್ಲು ಹಾಕಿತು, ಸಾನವೆಂಬ ಗುಡಿ ಕಟ್ಟಿತು, ಅಗೇಲೆಂಬ ಎಡೆ ಬಡಿಸಿತು, ವರ್ಷಕ್ಕೊಮ್ಮೆ ನೇಮವೆಂಬ ಉತ್ಸವ ಕೊಟ್ಟಿತು. ದೈವ ಕಟ್ಟುವವನು ಕಾಲಿಗೆ ಗಗ್ಗರ ಕಟ್ಟಿ ಬೆನ್ನಿಗೆ ಅಣಿ ಏರಿಸಿದ ಮೇಲೆ ಗುತ್ತಿನ ಮನೆಯ ಯಜಮಾನ ಕೈಮುಗಿದು ನಿಂತು ನುಡಿ ಕೇಳಬೇಕು. ಕಾಪುವಿನಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಪಿಲಿಕೋಲದಲ್ಲಿ ಹುಲಿ ದೈವ ಮುಟ್ಟಿದರೆ ಕೇಡೆಂದು ಜನ ದಿಕ್ಕಾಪಾಲಾಗಿ ಓಡುತ್ತಾರೆ. ಓಡಲೆಂದೇ ಊರೂರಿನಿಂದ ಬರುತ್ತಾರೆ ಕೂಡ! ಅಲ್ಲಿ ಹೆದರಿಕೆಗೆ ಜಾಗವಿದೆ, ಹೊತ್ತಿದೆ, ಓಡಿದವರು ಮತ್ತೆ ಬರುತ್ತಾರೆ. ವಿಕ್ಟರ್ ಓಡಿದವನು ಮತ್ತೆ ಬರಲಿಲ್ಲ.

ಇಷ್ಟು ಹೇಳಿ ನಮ್ಮದು ಮೇಲು, ಅವರದು ಕೀಳು ಎಂದು ಮುಗಿಸಿದರೆ ಚಪ್ಪಾಳೆ ಬಿದ್ದೀತು. ಆ ಮಾತು ನನ್ನ ಬಾಯಿಂದ ಬರುವುದಿಲ್ಲ. ಕಲ್ಲುರ್ಟಿಗೆ ಸಿಕ್ಕಿದ್ದು ನ್ಯಾಯವಲ್ಲ, ರಾಜಿ. ಕೈ ಕಡಿಯುವಾಗ ತಡೆಯದ ಊರು, ಮನೆ ಉರಿದ ಮೇಲೆ ಕೈಮುಗಿಯಿತು. ದೈವವನ್ನು ಮೈಮೇಲೆ ಹೊರುವವರು ನಲಿಕೆ, ಪರವ, ಪಂಬದ ಸಮುದಾಯದವರು. ಇಡೀ ರಾತ್ರಿ ಯಜಮಾನನನ್ನು ಹೆಸರು ಹಿಡಿದು ಕರೆದು ತಪ್ಪು ಕೇಳಿದವರು ಬಣ್ಣ ತೊಳೆದ ಮೇಲೆ ಅದೇ ಯಜಮಾನನ ಅಂಗಳದಲ್ಲಿ ಎಲ್ಲಿ ನಿಲ್ಲುತ್ತಿದ್ದರೆಂಬುದು ಇಲ್ಲಿನ ಹಿರಿಯರಿಗೆ ಗೊತ್ತಿದೆ. ತನ್ನ ಮೇಲಿನ ದೂರನ್ನು ವರ್ಷಕ್ಕೊಂದು ರಾತ್ರಿ, ತನ್ನದೇ ಖರ್ಚಿನಲ್ಲಿ, ಬ್ಯಾಂಡು ವಾದ್ಯದೊಡನೆ ಕೇಳಿಸಿಕೊಂಡು ಉಳಿದ ದಿನ ನಿಶ್ಚಿಂತೆಯಿಂದಿರುವ ವಿದ್ಯೆಯನ್ನು ಅಧಿಕಾರ ಇಲ್ಲಿ ಕಲಿತುಕೊಂಡಿತು. ಆದರೂ ದೂರು ಉಳಿಯಿತಲ್ಲ, ಅದು ಸಣ್ಣ ಮಾತಲ್ಲ. ಜಸ್ಟೀನಳ ಪರವಾಗಿ ಜಿನೀವಾದಲ್ಲಿ ಯಾರೂ ಪಾಡ್ದನ ಹೇಳಿ ತೆಂಬರೆ ಬಾರಿಸಲಿಲ್ಲ.

ಈ ಪಾಡ್ದನ ಓದಲು ಸಿಗದ ವಸ್ತುವೂ ಅಲ್ಲ. ಮಂಗಳೂರಿನ ಬಾಸೆಲ್ ಮಿಶನ್ನಿನ ಮ್ಯಾನರ್ 1886ರಲ್ಲೇ ‘ಪಾಡ್ದನೊಳು’ ಅಚ್ಚು ಹಾಕಿಸಿದ. ಇಂಗ್ಲಿಷ್ ಅಧಿಕಾರಿ ಬರ್ನೆಲ್ ಸಂಗ್ರಹಿಸಿದ್ದು ಅವನು ತೀರಿಕೊಂಡ ಮೇಲೆ, 1894ರಿಂದ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಇಂಗ್ಲಿಷಿನಲ್ಲಿ ಬಂತು, ಕಲ್ಕುಡ ಕಲ್ಲುರ್ಟಿಯರ ಕತೆಯೂ ಅದರಲ್ಲಿದೆ. ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದವರ ಸಂಶೋಧನೆ ಕನ್ನಡದಲ್ಲೇ ಇದೆ. ಉಡುಪಿಯ ಎಂಜಿಎಂ ಕಾಲೇಜಿನ ಆವರಣದಲ್ಲಿ ಕು.ಶಿ. ಹರಿದಾಸ ಭಟ್ಟರು ಬೆಳೆಸಿದ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರವಿದೆ. ಇಷ್ಟಿದ್ದೂ ಇಂಗ್ಲಿಷ್ ಎಂ.ಎ. ತರಗತಿಯಲ್ಲಿ ಫ್ರಾಂಕನ್‌ಸ್ಟೈನ್ ಪಾಠವಾಗುವಾಗ ಕಾರ್ಕಳದ ಹೆಸರು ಬರುವುದಿಲ್ಲ, ತುಳು ಅಧ್ಯಯನದ ಗೋಷ್ಠಿಯಲ್ಲಿ ಮೇರಿ ಶೆಲ್ಲಿಯ ಹೆಸರು ಬರುವುದಿಲ್ಲ. ಅಧ್ಯಾಪಕ ಮಿತ್ರರು ಒಂದು ವಾರ ಇವೆರಡನ್ನೂ ಒಂದೇ ಮೇಜಿನ ಮೇಲಿಟ್ಟು ಪಾಠ ಮಾಡಬೇಕೆಂಬುದು ನನ್ನ ಒಂದು ಕೋರಿಕೆ.

ಇನ್ನೊಂದು ಕೋರಿಕೆ ಎಲ್ಲರಿಗೂ. ನೇಮಕ್ಕೆ ನಾವು ಹೋಗುವುದು ತಡವಾಗಿ, ಊಟದ ಹೊತ್ತಿಗೆ. ಅಣಿ ಏರಿದ ಮೇಲೆ ಸೂಟೆಯ ಬೆಳಕು ಜೋರಾದಾಗ ಮೊಬೈಲು ಎತ್ತಿ ಹಿಡಿಯುತ್ತೇವೆ. ಪಾಡ್ದನ ಹೇಳುವುದು ಅದಕ್ಕೂ ಮೊದಲು, ಮುಖಕ್ಕೆ ಬಣ್ಣ ಹಚ್ಚುವ ಹೊತ್ತಿನಲ್ಲಿ. ಎಷ್ಟೋ ಕಡೆ ದೈವ ಕಟ್ಟುವವನ ತಾಯಿಯೋ ಹೆಂಡತಿಯೋ ತೆಂಬರೆ ಹಿಡಿದು ಹೇಳುತ್ತಾಳೆ. ಯಾರು ಯಾರಿಗೆ ಏನು ಮಾಡಿದರೆಂಬುದೆಲ್ಲ ಇರುವುದು ಆಗ, ಕುರ್ಚಿಗಳು ಖಾಲಿ ಇರುವಾಗ. ಮುಂದಿನ ಸಲ ಆ ಹೊತ್ತಿಗೆ ಹೋಗಿ, ಮುಂದಿನ ಸಾಲಿನಲ್ಲಿ ಕುಳಿತು ಕೇಳಿ.